ಅಗ್ಗದ ಬೋರ್ಡ್, ಉಚಿತ ಓಎಸ್: ಪರೀಕ್ಷೆ ಮಾಡಿದವರು ಯಾರೆಂದು ನೋಡಿ ಆರಿಸಿಕೊಳ್ಳಿ

ರಾಸ್ಪ್‌ಬೆರಿ ಪೈ, ಆರೆಂಜ್ ಪೈ, ಬನಾನಾ ಪೈ, ಪೈನ್64, ಬೀಗಲ್‌ಬೋನ್. ಅಂಗೈಯಗಲದ ಇಂಥ ಕಂಪ್ಯೂಟರ್ ಬೋರ್ಡ್ ಕೊಳ್ಳಹೊರಟವರು ಹೋಲಿಸಿ ನೋಡುವುದು ಬೆಲೆಯನ್ನು, ರ‍್ಯಾಮನ್ನು, ಪ್ರೊಸೆಸರಿನ ವೇಗವನ್ನು. ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ಮಾತು ಬಂದಾಗ ‘ಲಿನಕ್ಸ್ ಸಿಗುತ್ತೆ, ಪುಕ್ಕಟೆ’ ಅನ್ನುವಲ್ಲಿಗೆ ವಿಚಾರಣೆ ಮುಗಿದುಹೋಗುತ್ತದೆ. ಡೌನ್‌ಲೋಡ್ ಪುಟದಲ್ಲಿ ಒಂದು ಇಮೇಜ್ (ಕಾರ್ಡಿಗೆ ಬರೆಯಲು ಸಿದ್ಧಮಾಡಿದ ಓಎಸ್ ಪ್ರತಿ) ಇದೆ ಎಂದ ಮಾತ್ರಕ್ಕೆ ಅದನ್ನು ಯಾರಾದರೂ ಅದೇ ಬೋರ್ಡಿನ ಮೇಲೆ ಓಡಿಸಿ ನೋಡಿದ್ದಾರೆ ಎಂದಾಗುವುದಿಲ್ಲ. ಆದ್ದರಿಂದ ಇಲ್ಲಿ ಬೋರ್ಡ್‌ಗಳ ವೇಗವನ್ನು ಹೋಲಿಸುವುದಿಲ್ಲ. ಪರೀಕ್ಷೆಯ ಹೊಣೆ ಯಾರ ಹೆಗಲ ಮೇಲಿದೆ ಎನ್ನುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ನಮ್ಮ ಮುಂದಿರುವ ದಾರಿಗಳನ್ನು ಹೋಲಿಸುತ್ತೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬೋರ್ಡ್ ಮಾರಿ ಹಣ ಪಡೆದವರ ಮೇಲೆ ಅದರ ಜೊತೆ ಕೊಡುವ ಓಎಸ್ ಪರೀಕ್ಷಿಸುವ ಹೊಣೆ ಇದೆ. ಓಎಸ್ ಉಚಿತ ಎನ್ನುವುದು ಆ ಹೊಣೆಯನ್ನು ಕಡಿಮೆ ಮಾಡುವುದಿಲ್ಲ, ಯಾಕೆಂದರೆ ಓಎಸ್ ಇಲ್ಲದೆ ಆ ಬೋರ್ಡನ್ನು ಯಾರೂ ಕೊಳ್ಳುತ್ತಿರಲಿಲ್ಲ. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಸ್ವಯಂಸೇವಕರಿಂದ ನಾವು ನಿರೀಕ್ಷಿಸಬಹುದಾದದ್ದು ಒಂದೇ: ಯಾವುದನ್ನು ಪರೀಕ್ಷಿಸಿದ್ದೇವೆ, ಯಾವುದನ್ನು ಇಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳುವುದು. ಇನ್ನು ನಮ್ಮ ಮನೆಯ ಕರೆಂಟು, ನಮ್ಮ ಬೇಸಿಗೆ, ನಮ್ಮ ಟಿವಿ, ನಮ್ಮ ಭಾಷೆ. ಇವುಗಳ ಪರೀಕ್ಷೆ ನಮ್ಮಿಂದಲೇ ಆಗಬೇಕು.

ಪಿಸಿಗೆ ಇಲ್ಲದ ತೊಂದರೆ ಇಲ್ಲಿ ಯಾಕೆ?

ಮೇಜಿನ ಮೇಲಿನ ಪಿಸಿಯಲ್ಲಿ ಯಾವ ಕಂಪನಿಯ ಮದರ್‌ಬೋರ್ಡ್ ಇದ್ದರೂ ಡೆಬಿಯನ್ ಎಂಬ ಲಿನಕ್ಸ್ ಓಎಸ್‌ನ ಒಂದೇ ಪೆನ್‌ಡ್ರೈವ್ ಬಹುಮಟ್ಟಿಗೆ ಬೂಟ್ ಆಗುತ್ತದೆ. ತನ್ನೊಳಗೆ ಏನೇನಿದೆ ಎಂದು ಓಎಸ್‌ಗೆ ತಿಳಿಸುವ ಯುಇಎಫ್ಐ, ಎಸಿಪಿಐ ಎಂಬ ವ್ಯವಸ್ಥೆಗಳು ಪಿಸಿಯಲ್ಲೇ ಇರುತ್ತವೆ. ಆರ್ಮ್ ವಿನ್ಯಾಸದ ಪ್ರೊಸೆಸರ್ ಇರುವ ಅಗ್ಗದ ಬೋರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಆ ಸೌಲಭ್ಯ ಇಲ್ಲ. ಯಾವ ಪಿನ್ನಿಗೆ ಏನು ಜೋಡಿಸಿದೆ, ಯಾವ ಚಿಪ್ಪಿಗೆ ಎಷ್ಟು ವೋಲ್ಟ್ ಹೋಗಬೇಕು ಎಂಬುದನ್ನು ಡಿವೈಸ್ ಟ್ರೀ ಎಂಬ ಕಡತದಲ್ಲಿ ಯಾರಾದರೂ ಬರೆದಿಡಬೇಕು. ಓಎಸ್ಸನ್ನು ಎಬ್ಬಿಸುವ ಯು-ಬೂಟ್ ಎಂಬ ಬೂಟ್‌ಲೋಡರನ್ನು ಆಯಾ ಬೋರ್ಡಿಗೆಂದೇ ಕಟ್ಟಬೇಕು. ಮೆಮೊರಿ ಎಷ್ಟು ವೇಗದಲ್ಲಿ ಓಡಬೇಕೆಂಬುದೂ ಅಲ್ಲೇ ನಿಗದಿಯಾಗುತ್ತದೆ. ಹಾಗಾಗಿ ಒಂದೇ ಚಿಪ್ ಇರುವ ಎರಡು ಬೋರ್ಡ್‌ಗಳಲ್ಲಿ ಒಂದರ ಮೇಲೆ ಪಾಸಾದ ಇಮೇಜ್ ಇನ್ನೊಂದರ ಮೇಲೆ ಬಿದ್ದುಹೋಗಬಹುದು.

ಆರೆಂಜ್ ಪೈ ಪಿಸಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಆಲ್‌ವಿನ್ನರ್ ಕಂಪನಿಯ ಎಚ್3 ಚಿಪ್ ಇರುವ ಆ ಬೋರ್ಡಿಗೆ ಆರಂಭದಲ್ಲಿ ಸಿಗುತ್ತಿದ್ದ ಇಮೇಜ್‌ಗಳು ಪ್ರೊಸೆಸರನ್ನು 1.5 ಗಿಗಾಹರ್ಟ್ಸ್ ಮೀರಿ ಓಡಿಸುತ್ತಿದ್ದವು, ಅದಕ್ಕಾಗಿ ವೋಲ್ಟೇಜನ್ನೂ ಏರಿಸುತ್ತಿದ್ದವು. ಬೋರ್ಡ್ ಕಾದ ಕಾವಲಿಯಾಗುತ್ತಿತ್ತು. ಮೆಮೊರಿಗೆ ಇಟ್ಟಿದ್ದ ವೇಗ 672 ಮೆಗಾಹರ್ಟ್ಸ್. ಅದು ಸುರಕ್ಷಿತವೇ ಎಂದು ತಿಳಿಯಲು ಲಿನಕ್ಸ್-ಸಂಕ್ಸಿ ಎಂಬ ಸಮುದಾಯದವರು ಲೈಮಾ-ಮೆಮ್‌ಟೆಸ್ಟರ್ ಎಂಬ ಉಪಕರಣ ಮಾಡಿದರು. ಪರದೆಯ ಮೇಲೆ ಒಂದು ಘನ ತಿರುಗುತ್ತಿರುತ್ತದೆ, ಹಿನ್ನೆಲೆಯಲ್ಲಿ ಮೆಮೊರಿಯನ್ನು ಹಿಂಡಿ ನೋಡಲಾಗುತ್ತದೆ. ಬೇರೆ ಬೇರೆ ಕಡೆಯ ಬಳಕೆದಾರರು ತಂತಮ್ಮ ಬೋರ್ಡ್‌ಗಳ ಮೇಲೆ ಅದನ್ನು ಓಡಿಸಿ ಫಲಿತಾಂಶ ಬರೆದರು. ಕೆಲವು ಬೋರ್ಡ್‌ಗಳು ತಾಳಿಕೊಂಡವು, ಕೆಲವು ತಾಳಲಿಲ್ಲ. ಕೊನೆಗೆ, ಇಂಥ ಬೋರ್ಡ್‌ಗಳಿಗೆ ಲಿನಕ್ಸ್ ಕಟ್ಟಿಕೊಡುವ ಸ್ವಯಂಸೇವಕರ ಯೋಜನೆ ಆರ್ಮ್‌ಬಿಯನ್ ತನ್ನ ಇಮೇಜ್‌ನಲ್ಲಿ ಮೆಮೊರಿಯನ್ನು 624ಕ್ಕೂ ಪ್ರೊಸೆಸರನ್ನು 1296 ಮೆಗಾಹರ್ಟ್ಸ್‌ಗೂ ಇಳಿಸಿಟ್ಟಿತು. ಹಣ ಪಡೆದವರು ಮಾರುವ ಮುಂಚೆ ಮಾಡಬೇಕಿದ್ದ ಕೆಲಸ ಇದು. ಮಾಡಿದವರು ಹಣ ಕೊಟ್ಟು ಬೋರ್ಡ್ ಕೊಂಡವರು.

ಮೊದಲ ದಾರಿ: ಬೋರ್ಡ್ ಮಾಡಿದವರದೇ ಓಎಸ್

ರಾಸ್ಪ್‌ಬೆರಿ ಪೈ ಮಾರುಕಟ್ಟೆಗೆ ಬಂದದ್ದು 2012ರ ಫೆಬ್ರವರಿ 29ರಂದು, 35 ಡಾಲರಿಗೆ. ಇಂದು ಅದರ ಓಎಸ್ ಪರೀಕ್ಷೆಯ ಮಾದರಿಯಂತಿದ್ದರೂ ಆರಂಭದಲ್ಲಿ ಅಲ್ಲೂ ಸ್ವಯಂಸೇವಕರೇ ಇದ್ದರು. ಮೊದಲ ಪೈಯಲ್ಲಿದ್ದದ್ದು ಆರ್ಮ್‌ವಿ6 ಚಿಪ್. ಡೆಬಿಯನ್‌ನ ವೇಗದ ಆವೃತ್ತಿಗೆ ಬೇಕಿದ್ದದ್ದು ಆರ್ಮ್‌ವಿ7. ಆ ಅಂತರ ತುಂಬಲು ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಡೆಬಿಯನ್‌ನ ಸಾವಿರಾರು ಪ್ಯಾಕೇಜ್‌ಗಳನ್ನು ಮತ್ತೆ ಕಂಪೈಲ್ ಮಾಡಿ ರಾಸ್ಪ್‌ಬಿಯನ್ ಎಂದು ಹೆಸರಿಟ್ಟರು. ಅದು ಪೈ ಹೊರತಂದ ರಾಸ್ಪ್‌ಬೆರಿ ಪೈ ಫೌಂಡೇಶನ್‌ನ ಕೆಲಸ ಆಗಿರಲಿಲ್ಲ. ಆಮೇಲೆ ಫೌಂಡೇಶನ್ ಅದರ ಮೇಲೆ ತನ್ನ ಡೆಸ್ಕ್‌ಟಾಪ್ ಕಟ್ಟಿತು, 2020ರ ಮೇ ತಿಂಗಳಲ್ಲಿ ರಾಸ್ಪ್‌ಬೆರಿ ಪೈ ಓಎಸ್ ಎಂದು ಕರೆಯಿತು. ಈಗ ಬೋರ್ಡ್, ಫರ್ಮ್‌ವೇರ್, ಓಎಸ್‌ನ ತಿರುಳಾದ ಕರ್ನಲ್, ಡೆಸ್ಕ್‌ಟಾಪ್ ಎಲ್ಲದರ ಮೇಲೂ ಒಂದೇ ಸಂಸ್ಥೆಯ ಕಣ್ಣಿದೆ. 2012ರ ಬೋರ್ಡಿನ ಮೇಲೂ ಅದರ 32 ಬಿಟ್ ಆವೃತ್ತಿ ಇವತ್ತಿಗೂ ಓಡುತ್ತದೆ. ಬೇರೆ ಯಾವ ತಯಾರಕರೂ ಹಳೆಯ ಗಿರಾಕಿಯನ್ನು ಇಷ್ಟು ದೀರ್ಘಕಾಲ ಕೈಹಿಡಿದು ನಡೆಸಿದ್ದನ್ನು ನಾನು ನೋಡಿಲ್ಲ.

ಇಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಗುಣ, ಪರೀಕ್ಷೆಯ ಗಡಿ ಎಲ್ಲಿದೆ ಎಂದು ಅವರು ಹೇಳುವುದು. ಡೆಬಿಯನ್‌ನ ಒಂದು ದೊಡ್ಡ ಆವೃತ್ತಿಯಿಂದ ಮುಂದಿನದಕ್ಕೆ ಇದ್ದಲ್ಲೇ ಅಪ್‌ಗ್ರೇಡ್ ಮಾಡಬೇಡಿ, ಹೊಸ ಕಾರ್ಡಿನಲ್ಲಿ ಹೊಸದಾಗಿ ಹಾಕಿಕೊಳ್ಳಿ ಎನ್ನುತ್ತಾರೆ. 2021ರಲ್ಲಿ ಬುಲ್ಸ್‌ಐ ಆವೃತ್ತಿ ಬಂದಾಗ ಕ್ಯಾಮೆರಾದ ಹಳೆಯ ವ್ಯವಸ್ಥೆ ಹೋಗಿ ಲಿಬ್‌ಕ್ಯಾಮೆರಾ ಬಂತು, ಹಳೆಯ ಪೈಕ್ಯಾಮೆರಾ ನಂಬಿ ಬರೆದ ಪಾಠಗಳು ನಿಂತುಹೋದವು. ಅದೇ ಡಿಸೆಂಬರಿನಲ್ಲಿ ಹಳೆಯ ಆವೃತ್ತಿಯನ್ನು ‘ಲೆಗಸಿ’ ಎಂಬ ಹೆಸರಿನಲ್ಲಿ ಉಳಿಸಿಕೊಟ್ಟರು.

ಆದರೂ ತಯಾರಕರ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. 2015ರಲ್ಲಿ ಪೈ 2 ಹೊರಬಂದ ಕೆಲವೇ ದಿನಗಳಲ್ಲಿ ಒಬ್ಬ ಬಳಕೆದಾರರಿಗೆ ವಿಚಿತ್ರ ಸಂಗತಿ ಕಂಡಿತು: ಝೆನಾನ್ ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಬೋರ್ಡ್ ಆಫ್ ಆಗುತ್ತಿತ್ತು. ಯು16 ಎಂಬ ವಿದ್ಯುತ್ ಚಿಪ್ಪಿಗೆ ಹೊರಕವಚ ಇರಲಿಲ್ಲ, ತೀವ್ರ ಬೆಳಕು ಬಿದ್ದರೆ ಅದು ತಬ್ಬಿಬ್ಬಾಗುತ್ತಿತ್ತು. 2019ರ ಪೈ 4ರಲ್ಲಿ ಯುಎಸ್‌ಬಿ-ಸಿ ಪೋರ್ಟಿನ ಎರಡು ಪಿನ್‌ಗಳಿಗೆ ಒಂದೇ ರೆಸಿಸ್ಟರ್ ಹಾಕಿದ್ದರಿಂದ ಕೆಲವು ಬಗೆಯ ದುಬಾರಿ ಕೇಬಲ್‌ಗಳಲ್ಲಿ ಕರೆಂಟೇ ಬರುತ್ತಿರಲಿಲ್ಲ. ತಮ್ಮ ಕ್ಷೇತ್ರ ಪರೀಕ್ಷೆಯಲ್ಲಿ ಇದು ಕಾಣದೇ ಹೋದದ್ದು ಅಚ್ಚರಿ ಎಂದು ಸಂಸ್ಥೆಯ ಮುಖ್ಯಸ್ಥ ಎಬೆನ್ ಅಪ್ಟನ್ ಒಪ್ಪಿಕೊಂಡರು, ಮುಂದಿನ ಪರಿಷ್ಕರಣೆಯಲ್ಲಿ ಸರಿಪಡಿಸಿದರು. ಹೀಗೆ ಒಪ್ಪಿಕೊಂಡು ತಿದ್ದುವುದು ಹೊಣೆಯ ಅರ್ಧಭಾಗ.

2021ರ ಆರಂಭದಲ್ಲಿ ಇನ್ನೊಂದು ಬಗೆಯ ತಕರಾರು ಎದ್ದಿತು. ಒಂದು ಅಪ್‌ಡೇಟ್ ಮೂಲಕ ಮೈಕ್ರೋಸಾಫ್ಟ್‌ನ ಪ್ಯಾಕೇಜ್ ಭಂಡಾರದ ವಿಳಾಸ ಎಲ್ಲರ ಬೋರ್ಡಿಗೂ ಸದ್ದಿಲ್ಲದೆ ಸೇರಿಬಿಟ್ಟಿತು. ಪ್ರೋಗ್ರಾಂ ಬರೆಯುವ ಸಾಧನ ವಿಎಸ್ ಕೋಡ್ ಸುಲಭವಾಗಿ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ, ಆದರೆ ಹೇಳದೆ ಮಾಡಿದ್ದು ತಪ್ಪು. ಒಂದೇ ಸಂಸ್ಥೆ ಎಲ್ಲವನ್ನೂ ನೋಡಿಕೊಳ್ಳುವ ದಾರಿಯಲ್ಲಿ ಈ ಅಪಾಯ ಇದ್ದೇ ಇರುತ್ತದೆ.

ಅಮೆರಿಕದ ಬೀಗಲ್‌ಬೋರ್ಡ್ ಕೂಡ ಇದೇ ಸಾಲಿಗೆ ಸೇರುತ್ತದೆ. 2013ರಲ್ಲಿ 45 ಡಾಲರಿಗೆ ಬಂದ ಬೀಗಲ್‌ಬೋನ್ ಬ್ಲ್ಯಾಕ್‌ಗೆ ಮರುವರ್ಷದಿಂದ ಡೆಬಿಯನ್ನನ್ನು ಬೋರ್ಡಿನ ಮೆಮೊರಿಯಲ್ಲೇ ತುಂಬಿ ಮಾರತೊಡಗಿದರು. ಕಾರ್ಖಾನೆಯಲ್ಲೇ ತುಂಬುವವರಿಗೆ ಓಎಸ್ ನಮ್ಮದಲ್ಲ ಎಂದು ಹೇಳಿಕೊಳ್ಳಲು ಬರುವುದಿಲ್ಲ. ವೇಗ ಕಡಿಮೆಯಾದರೂ ಮೋಟರ್, ಸೆನ್ಸರ್ ಕೆಲಸಕ್ಕೆ ಇಂದಿಗೂ ಯೋಗ್ಯ ಬೋರ್ಡ್.

ಎರಡನೆಯ ದಾರಿ: ವೆಂಡರ್ ಇಮೇಜ್

2021ರಿಂದ 2023ರವರೆಗೆ ಪೈ ಸಿಗದೆ ಪರದಾಡಿದಾಗ ಬಹಳ ಮಂದಿ ಚೀನಾದ ಶೆನ್‌ಝೆನ್‌ನ ಬೋರ್ಡ್‌ಗಳ ಕಡೆ ತಿರುಗಿದರು. ಅದೇ ಬೆಲೆಗೆ ಹೆಚ್ಚು ವೇಗ, ಹೆಚ್ಚು ಪೋರ್ಟ್, ವೇಗದ ಎನ್‌ವಿಎಂಇ ಡಿಸ್ಕಿಗೆ ಜಾಗ. ಆರೆಂಜ್ ಪೈ 5ರಲ್ಲಿರುವ ಆರ್‌ಕೆ3588 ಸರಣಿಯ ಚಿಪ್ ನಿಜಕ್ಕೂ ಬಲಶಾಲಿ. ತಯಾರಕರ ಪುಟಕ್ಕೆ ಹೋದರೆ ಡೆಬಿಯನ್, ಉಬುಂಟು, ಆಂಡ್ರಾಯ್ಡ್ ಎಂದು ಇಮೇಜ್‌ಗಳ ಉದ್ದ ಪಟ್ಟಿಯೇ ಇರುತ್ತದೆ. ವೆಂಡರ್ ಇಮೇಜ್ ಎಂದರೆ ಇವೇ. ಡೆಬಿಯನ್ ಎಂದು ಬರೆದಿದ್ದರೂ ಅದು ಡೆಬಿಯನ್ ಯೋಜನೆ ಪರೀಕ್ಷಿಸಿ ಕೊಟ್ಟ ಇಮೇಜ್ ಅಲ್ಲ. ಮೇಲಿನ ಪ್ಯಾಕೇಜ್‌ಗಳು ಡೆಬಿಯನ್‌ನವು. ಕೆಳಗಿರುವ ಕರ್ನಲ್ ಚಿಪ್ ಕಂಪನಿ ತನ್ನ ಗಿರಾಕಿಗಳಿಗೆ ಕೊಟ್ಟ ಹಳೆಯ ಕವಲು, ಅಂದರೆ ಲಿನಕ್ಸ್‌ನ ಮೂಲ ಕರ್ನಲ್ಲಿನಿಂದ ಬೇರೆಯಾದ ಪ್ರತಿ. ಆರ್‌ಕೆ3588ಕ್ಕೆ ಬಹುಕಾಲ 5.10 ಕರ್ನಲ್ಲೇ ಗತಿಯಾಗಿತ್ತು. ಇಮೇಜ್ ಕಟ್ಟುವ ಸಾಧನವೂ ಆರ್ಮ್‌ಬಿಯನ್‌ನದರಿಂದ ಹುಟ್ಟಿದ್ದು. ಯಾವ ಪದರವನ್ನು ಯಾರು ನೋಡಿದ್ದಾರೆ ಎಂಬ ಲೆಕ್ಕ ಇಲ್ಲೇ ತಪ್ಪಿಹೋಗುವುದು.

ಹೀಗೆ ತಪ್ಪಿಹೋದಾಗ ಏನಾಗಬಹುದು ಎಂಬುದನ್ನು 2016 ತೋರಿಸಿತು. ಆಲ್‌ವಿನ್ನರ್‌ನ 3.4 ಕರ್ನಲ್ಲಿನಲ್ಲಿ ಡೀಬಗ್ ಮಾಡಲೆಂದು ಯಾರೋ ಸೇರಿಸಿದ್ದ ಒಂದು ಬಾಗಿಲು ಹಾಗೇ ಉಳಿದುಬಿಟ್ಟಿತ್ತು. ಪ್ರಾಕ್ ಕಡತ ವ್ಯವಸ್ಥೆಯ ಒಂದು ಕಡತಕ್ಕೆ ‘ರೂಟ್‌ಮೈಡಿವೈಸ್’ ಎಂದು ಬರೆದರೆ ಸಾಕು, ಸಾಮಾನ್ಯ ಪ್ರಕ್ರಿಯೆಗೂ ರೂಟ್ ಅಧಿಕಾರ, ಅಂದರೆ ಯಂತ್ರದ ಪೂರ್ಣ ಹಿಡಿತ, ಸಿಗುತ್ತಿತ್ತು. ಪಾಸ್‌ವರ್ಡ್ ಬೇಡ, ಕೌಶಲ ಬೇಡ. ಎಚ್3, ಎ83ಟಿ, ಎಚ್8 ಚಿಪ್‌ಗಳಿದ್ದ ಆರೆಂಜ್ ಪೈ, ಬನಾನಾ ಪೈ, ನ್ಯಾನೋ ಪೈ ಬೋರ್ಡ್‌ಗಳೆಲ್ಲ ಇದರ ವ್ಯಾಪ್ತಿಗೆ ಬಂದವು. ಎಚ್ಚರಿಕೆಯ ಗಂಟೆ ಬಾರಿಸಿದ್ದು ಆರ್ಮ್‌ಬಿಯನ್ ಬಳಗ. ಆ ಕರ್ನಲ್ ಚಿಪ್ ಕಂಪನಿಯಿಂದ ಬೋರ್ಡ್ ಕಂಪನಿಗೆ, ಅಲ್ಲಿಂದ ಇಮೇಜ್‌ಗೆ, ಇಮೇಜ್‌ನಿಂದ ಮನೆಗಳಿಗೆ ಬಂದಿತ್ತು. ದಾರಿಯಲ್ಲಿ ಪ್ರತಿಯೊಬ್ಬರೂ ಹಿಂದಿನವರು ನೋಡಿರುತ್ತಾರೆ ಎಂದುಕೊಂಡಿದ್ದರು.

ಹಾಗೆಂದು ವೆಂಡರ್ ಇಮೇಜನ್ನು ಮುಟ್ಟಲೇಬಾರದು ಎನ್ನುವುದಿಲ್ಲ. ವಿಡಿಯೊ ಡಿಕೋಡಿಂಗ್, ಎನ್‌ಪಿಯು (ಎಐ ಲೆಕ್ಕ ಮಾಡುವ ಭಾಗ), ಕ್ಯಾಮೆರಾ ಇಂಥವು ಹೊಸ ಚಿಪ್‌ಗಳಲ್ಲಿ ಮೊದಲು ಕೆಲಸ ಮಾಡುವುದು ವೆಂಡರ್ ಕರ್ನಲ್ಲಿನಲ್ಲೇ. ಬೋರ್ಡ್ ಕೈಗೆ ಬಂದ ದಿನ ಹಾರ್ಡ್‌ವೇರ್ ಸರಿಯಿದೆಯೇ ಎಂದು ನೋಡಲು ಅದನ್ನೇ ಹಾಕಬೇಕು. ಇಂಟರ್‌ನೆಟ್‌ಗೆ ತೆರೆದಿಡುವ ಸರ್ವರ್‌ಗೆ ಮಾತ್ರ ಅದು ಬೇಡ. ಲಾಗಿನ್ ಹೆಸರೂ ಪಾಸ್‌ವರ್ಡೂ ಎಲ್ಲರಿಗೂ ಗೊತ್ತಿರುವ ಒಂದೇ ಪದವಾಗಿದ್ದರೆ ಜಾಲಕ್ಕೆ ಸೇರಿಸುವ ಮುಂಚೆಯೇ ಬದಲಿಸಿ. ರಾಸ್ಪ್‌ಬೆರಿ ಪೈ ಕೂಡ ‘ಪೈ’ ಎಂಬ ಸಿದ್ಧ ಬಳಕೆದಾರರನ್ನು ಕೈಬಿಟ್ಟದ್ದು 2022ರ ಏಪ್ರಿಲ್‌ನಲ್ಲಿ.

ಮೂರನೆಯ ದಾರಿ: ಆರ್ಮ್‌ಬಿಯನ್

ಸ್ಲೊವೇನಿಯಾದ ಇಗೋರ್ ಪೆಚೊವ್ನಿಕ್ ಕ್ಯೂಬಿಬೋರ್ಡ್‌ಗೆಂದು ಆರಂಭಿಸಿದ ಕೆಲಸ ಈಗ ನೂರಾರು ಬೋರ್ಡ್‌ಗಳಿಗೆ ಹರಡಿದೆ. ಇಲ್ಲಿ ಆಯ್ಕೆ ಮಾಡುವವರು ತಿಳಿದಿರಬೇಕಾದ ಮುಖ್ಯ ಸಂಗತಿ, ಬೋರ್ಡಿನ ಪುಟದಲ್ಲಿರುವ ಬೆಂಬಲದ ದರ್ಜೆ. ಪ್ಲಾಟಿನಂ ಎಂದರೆ ತಯಾರಕರು ಆರ್ಮ್‌ಬಿಯನ್ ಜೊತೆ ಒಪ್ಪಂದ ಮಾಡಿಕೊಂಡು ನೆರವು ಕೊಡುತ್ತಿದ್ದಾರೆ. ಸ್ಟ್ಯಾಂಡರ್ಡ್ ಎಂದರೆ ಆ ಬೋರ್ಡಿಗೆ ಹೆಸರಿರುವ ಒಬ್ಬ ಮೇಂಟೇನರ್ (ನೋಡಿಕೊಳ್ಳುವವರು) ಇದ್ದಾರೆ. ಕಮ್ಯುನಿಟಿ ಎಂದಿದ್ದರೆ ಇಮೇಜ್ ಯಂತ್ರದಿಂದ ತಾನಾಗಿ ಕಟ್ಟಲ್ಪಡುತ್ತದೆ, ಅದು ಬೂಟ್ ಆಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಕಂಪೈಲ್ ಆಗುವುದು ಬೇರೆ, ಬೋರ್ಡಿನ ಮೇಲೆ ಓಡುವುದು ಬೇರೆ. ಈ ಮೂರು ದರ್ಜೆಗಳ ನಡುವಿನ ಅಂತರ ಬೋರ್ಡಿನ ವೇಗಕ್ಕಿಂತ ಎಷ್ಟೋ ಮುಖ್ಯ, ಆದರೆ ಕೊಳ್ಳುವವರು ಅದನ್ನು ಬೋರ್ಡ್ ಬಂದ ಮೇಲೆ ನೋಡುತ್ತಾರೆ.

ಈ ದರ್ಜೆಪಟ್ಟಿಯನ್ನು ನಾನು ತುಂಬ ಗೌರವಿಸುತ್ತೇನೆ. ಸ್ವಯಂಸೇವಕರು ಎಲ್ಲವನ್ನೂ ಪರೀಕ್ಷಿಸಲಾರರು. ತಮ್ಮ ಕೈಯಲ್ಲಿ ಆ ಬೋರ್ಡೇ ಇಲ್ಲದಿರಬಹುದು. ಲಿನಕ್ಸ್ ಕರ್ನಲ್ಲಿನ ಲೈಸೆನ್ಸ್ ಆಗಿರುವ ಜಿಪಿಎಲ್ ಎರಡನೆಯ ಆವೃತ್ತಿಯ 11 ಮತ್ತು 12ನೆಯ ಕಲಮುಗಳು, ಉಚಿತವಾಗಿ ಕೊಡುತ್ತಿರುವುದರಿಂದ ವಾರಂಟಿ ಇಲ್ಲ, ಗುಣಮಟ್ಟದ ಅಪಾಯವೆಲ್ಲ ಬಳಸುವವರದೇ ಎಂದು ಸ್ಪಷ್ಟವಾಗಿ ಹೇಳುತ್ತವೆ. ಕೋಡ್ ಬರೆದು ಹಂಚಿದವರಿಗೆ ಆ ರಕ್ಷಣೆ ಬೇಕೇ ಬೇಕು, ಇಲ್ಲದಿದ್ದರೆ ಯಾರೂ ಹಂಚುವುದಿಲ್ಲ. ನನಗೆ ಒಪ್ಪಿಗೆಯಾಗದ ಸಂಗತಿ ಬೇರೆ: ಬೋರ್ಡ್ ಮಾರಿ ಲಾಭ ಮಾಡಿಕೊಂಡವರು ‘ಓಎಸ್ ಬೇಕಾದರೆ ಆರ್ಮ್‌ಬಿಯನ್ ಇದೆಯಲ್ಲ’ ಎಂದು ಆ ಕಲಮಿನ ನೆರಳಿನಲ್ಲಿ ಬಂದು ನಿಲ್ಲುವುದು. ಮೇಂಟೇನರ್‌ಗೆ ಕನಿಷ್ಠ ಒಂದು ಬೋರ್ಡನ್ನೂ ಕಳಿಸದೆ ಅವರಿಂದ ಬೆಂಬಲ ನಿರೀಕ್ಷಿಸುವ ತಯಾರಕರಿಂದ ದೂರ ಇರುವುದೇ ಲೇಸು.

ಪೈನ್64 ಈ ವಿಷಯದಲ್ಲಿ ಮೊದಲಿನಿಂದಲೂ ಬಿಚ್ಚುಮಾತಿನದು: ಹಾರ್ಡ್‌ವೇರ್ ನಮ್ಮದು, ಸಾಫ್ಟ್‌ವೇರ್ ಸಮುದಾಯದ್ದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕಾರ್ಖಾನೆಯಿಂದ ಹೊರಡುವ ಯಂತ್ರದಲ್ಲಿ ಯಾವ ಓಎಸ್, ಯಾವ ಬೂಟ್‌ಲೋಡರ್ ಇರಬೇಕೆಂದು ತೀರ್ಮಾನಿಸುವ ಕ್ಷಣದಲ್ಲಿ ಹೊಣೆ ಮಾರುವವರ ಕಡೆಗೇ ಮರಳುತ್ತದೆ. 2022ರಲ್ಲಿ ಇದೇ ವಿಷಯಕ್ಕೆ ಬಹಿರಂಗ ಭಿನ್ನಮತ ಎದ್ದು, ಹಳೆಯ ಡೆವಲಪರ್ ಒಬ್ಬರು ಆ ಬಳಗವನ್ನೇ ಬಿಟ್ಟರು. ಕಲಿಯುವ ಹುಮ್ಮಸ್ಸಿರುವವರಿಗೆ ಪೈನ್64 ಒಳ್ಳೆಯ ಗೆಳೆಯ; ನಾಳೆ ಬೆಳಿಗ್ಗೆ ಕೆಲಸ ಆಗಲೇಬೇಕು ಎನ್ನುವವರಿಗೆ ಅಲ್ಲ.

ನಾಲ್ಕನೆಯ ದಾರಿ: ಎಲ್ಲರ ಡಿಸ್ಟ್ರೊ

ಡಿಸ್ಟ್ರೊ ಎಂದರೆ ಸಿದ್ಧಪಡಿಸಿ ಹಂಚುವ ಲಿನಕ್ಸ್ ಓಎಸ್. ಡೆಬಿಯನ್, ಉಬುಂಟು, ಫೆಡೋರಾ ಎಂಬ ಡಿಸ್ಟ್ರೊಗಳು ನೇರವಾಗಿ ಕೊಡುವ ಇಮೇಜ್‌ಗಳು ಈ ದಾರಿ. ಇಲ್ಲಿ ಪರೀಕ್ಷೆ ಎಲ್ಲರ ಕಣ್ಣೆದುರು ನಡೆಯುತ್ತದೆ. ಉಬುಂಟು ಬಿಡುಗಡೆಗೆ ಮುಂಚೆ ಯಾವ ಇಮೇಜನ್ನು ಯಾರು ಪರೀಕ್ಷಿಸಿದರು ಎಂಬ ಪಟ್ಟಿ ಬಹಿರಂಗವಾಗಿರುತ್ತದೆ, ಪೈ ಇಮೇಜ್‌ಗಳೂ ಅದರಲ್ಲಿರುತ್ತವೆ. ಪೈಗೆಂದು ಡೆಬಿಯನ್ ಕಟ್ಟುವ ಇಮೇಜ್‌ಗಳ ಪಟ್ಟಿಯಲ್ಲಿ ಪರೀಕ್ಷಿಸಿದ ದಿನಾಂಕವನ್ನೂ ನಮೂದಿಸುವ ರೂಢಿಯಿದೆ. ಆ ದಿನಾಂಕ ಎಲ್ಲ ತಯಾರಕರ ಪುಟದಲ್ಲೂ ಇರಬೇಕಿತ್ತು.

ಫೆಡೋರಾದ ಶಿಸ್ತು ಇನ್ನೂ ಕಟ್ಟುನಿಟ್ಟು. ಬಿಡುಗಡೆ ತಡೆಯಬಲ್ಲ ದೋಷಗಳು ಯಾವುವು ಎಂದು ಮೊದಲೇ ಬರೆದಿಟ್ಟು, ಬಿಡುಗಡೆ ಮಾಡಬೇಕೋ ಬೇಡವೋ ಎಂಬ ಗೋ/ನೋ-ಗೋ ಸಭೆಯಲ್ಲಿ ತೀರ್ಮಾನಿಸುತ್ತಾರೆ. ಪೈ 4 ಬಂದದ್ದು 2019ರಲ್ಲಿ. ಫೆಡೋರಾ ಅದನ್ನು ಅಧಿಕೃತವಾಗಿ ಬೆಂಬಲಿಸಿದ್ದು 2022ರ ನವೆಂಬರಿನ 37ನೆಯ ಆವೃತ್ತಿಯಲ್ಲಿ. ಗ್ರಾಫಿಕ್ಸ್ ಬೆಂಬಲ ಮೂಲ ಕರ್ನಲ್ಲಿಗೆ ಸೇರುವವರೆಗೆ ಕಾದರು. ಮೂರು ವರ್ಷ ಕಾಯಿಸಿದರು ಎಂದು ಬೇಸರಪಡುವವರಿದ್ದಾರೆ. ನಾನು ಅದನ್ನು ಮಾತಿಗೆ ಬೆಲೆ ಕೊಡುವ ರೀತಿ ಎಂದುಕೊಳ್ಳುತ್ತೇನೆ.

ಇವೆಲ್ಲದರ ಕೆಳಗೆ ಕರ್ನಲ್‌ಸಿಐ ಎಂಬ ಯೋಜನೆಯಿದೆ. ಹಲವು ಪ್ರಯೋಗಾಲಯಗಳಲ್ಲಿ ಸಾಲಾಗಿ ಜೋಡಿಸಿಟ್ಟ ನಿಜವಾದ ಬೋರ್ಡ್‌ಗಳ ಮೇಲೆ ಹೊಸ ಕರ್ನಲ್ ಬೂಟ್ ಆಗುತ್ತದೆಯೇ ಎಂದು ಅದು ತಾನಾಗಿ ನೋಡುತ್ತಿರುತ್ತದೆ. 2019ರಿಂದ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿದೆ. ತಯಾರಕರು ತಮ್ಮ ಚಿಪ್ಪಿನ ಬೆಂಬಲವನ್ನು ಮೂಲ ಕರ್ನಲ್ಲಿಗೆ ಸೇರಿಸಿದರೆ ಇಂಥ ಪರೀಕ್ಷೆಯ ಲಾಭ ವರ್ಷಗಟ್ಟಲೆ ಸಿಗುತ್ತದೆ. ವೆಂಡರ್ ಕವಲಿನಲ್ಲೇ ಉಳಿದರೆ ಸಿಗುವುದಿಲ್ಲ. ಲೆ ಪೊಟಾಟೊ ಎಂಬ ಬೋರ್ಡ್ ಮಾಡುವ ಲಿಬ್ರೆ ಕಂಪ್ಯೂಟರ್‌ನಂಥವರು ಮೂಲ ಕರ್ನಲ್ಲಿಗೆ ಸೇರಿಸುವ ದಾರಿ ಹಿಡಿದಿದ್ದಾರೆ. ಅವರ ಬೋರ್ಡ್ ಹಳೆಯ ಚಿಪ್ಪಿನದು, ನಿಧಾನದ್ದು. ಆದರೂ ಹತ್ತು ಬೋರ್ಡ್ ಕೊಂಡು ಐದು ವರ್ಷ ಓಡಿಸುವವರು ಅದನ್ನು ಗಂಭೀರವಾಗಿ ಪರಿಗಣಿಸಬೇಕು.

ಈ ದಾರಿಯ ಕೊರತೆಯೆಂದರೆ ಹೊಸ ಬೋರ್ಡಿನ ಅರ್ಧ ಭಾಗ ಕೆಲಸ ಮಾಡದಿರಬಹುದು. ವೈಫೈ ಇಲ್ಲ, ಎಚ್‌ಡಿಎಂಐಯಲ್ಲಿ ಧ್ವನಿ ಇಲ್ಲ, ಇಂಥವು.

ಪಟ್ಟಿಯಲ್ಲಿದ್ದರೆ ಪರೀಕ್ಷೆಯಾಗಿದೆ ಎಂದಲ್ಲ

ಕಾರ್ಡಿಗೆ ಓಎಸ್ ಬರೆಯುವ ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಬೇರೆಯವರ ಓಎಸ್‌ಗಳೂ ಸಾಲಾಗಿ ಕಾಣುತ್ತವೆ. ಬರೆದದ್ದು ಕಾರ್ಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಇಮೇಜರ್ ತಾಳೆ ನೋಡುತ್ತದೆ. ಆ ಓಎಸ್ ಸರಿಯಿದೆಯೇ ಎಂದು ನೋಡುವುದಿಲ್ಲ. ಬೇರೆ ತಯಾರಕರ ಪುಟಗಳಲ್ಲಿ ‘ಬೆಂಬಲಿತ ಓಎಸ್’ ಎಂದು ಹತ್ತು ಲಾಂಛನಗಳಿದ್ದರೆ ಒಂದೊಂದನ್ನೂ ಒತ್ತಿ ನೋಡಿ: ಇಮೇಜಿನ ದಿನಾಂಕ ಎಷ್ಟು ಹಳೆಯದು, ಕರ್ನಲ್ ಯಾವುದು, ಡೌನ್‌ಲೋಡ್ ಕೆಡದೆ ಬಂದಿದೆಯೇ ಎಂದು ತಾಳೆ ನೋಡುವ ಎಸ್‌ಎಚ್‌ಎ-256 ಮೊತ್ತ ಕೊಟ್ಟಿದ್ದಾರೆಯೇ, ಬದಲಾವಣೆಗಳ ಪಟ್ಟಿ ಇದೆಯೇ, ಗೊತ್ತಿರುವ ದೋಷಗಳ ಪಟ್ಟಿ ಇದೆಯೇ. ಕೊನೆಯದು ಇದ್ದರೆ ಅದು ಒಳ್ಳೆಯ ಲಕ್ಷಣ. ದೋಷಗಳನ್ನು ಬರೆದಿಟ್ಟವರು ಹುಡುಕಿ ನೋಡಿದ್ದಾರೆ ಎಂದರ್ಥ.

ಕಾನೂನು ಏನನ್ನುತ್ತದೆ?

ಯುರೋಪಿನಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಾಗಿದೆ. ಸೈಬರ್ ರೆಸಿಲಿಯನ್ಸ್ ಆಕ್ಟ್ 2024ರ ಡಿಸೆಂಬರ್ 10ರಂದು ಜಾರಿಗೆ ಬಂತು, ಮುಖ್ಯ ಕಟ್ಟುಪಾಡುಗಳು 2027ರ ಡಿಸೆಂಬರ್ 11ರಿಂದ ಅನ್ವಯಿಸುತ್ತವೆ. ವ್ಯಾಪಾರದ ಉದ್ದೇಶವಿಲ್ಲದೆ ಮುಕ್ತ ತಂತ್ರಾಂಶ ಕೊಡುವವರನ್ನು ಅದು ಹೊರಗಿಡುತ್ತದೆ. ಅದೇ ತಂತ್ರಾಂಶವನ್ನು ತಮ್ಮ ಉತ್ಪನ್ನದಲ್ಲಿ ಸೇರಿಸಿ ಮಾರುವ ತಯಾರಕರು ಮಾತ್ರ ಅದನ್ನು ಪರಿಶೀಲಿಸಬೇಕು, ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ದೋಷಗಳನ್ನು ಸರಿಪಡಿಸಬೇಕು. ನಾನು ಮೊದಲಿಗೆ ಹೇಳಿದ ಗೆರೆ ಬಹುತೇಕ ಇದೇ.

ನಮ್ಮಲ್ಲಿ ಓಎಸ್ ಪರೀಕ್ಷೆಗೆಂದೇ ಇಂಥ ಕಾನೂನು ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವಿದೆ. ದೋಷದಿಂದ ಹಾನಿಯಾಗಿ, ತಯಾರಕರು ಯಾರೆಂದು ತಿಳಿಯದಿದ್ದರೆ ಅಥವಾ ಅವರು ಭಾರತದ ಕಾನೂನಿನ ವ್ಯಾಪ್ತಿಯಲ್ಲಿ ಇಲ್ಲದಿದ್ದರೆ, 86ನೆಯ ಸೆಕ್ಷನ್ ಪ್ರಕಾರ ಮಾರಿದವರನ್ನೇ ಹೊಣೆ ಮಾಡಬಹುದು. ಹೊರದೇಶದಿಂದ ಬರುವ ಬೋರ್ಡ್‌ಗಳ ಮಟ್ಟಿಗೆ ಇದು ನೆನಪಿಡಬೇಕಾದ ಮಾತು. ಬೋರ್ಡ್ ಮಾತ್ರ ಹಾಳಾದದ್ದು ಈ ಅಧ್ಯಾಯದ ಅರ್ಥದಲ್ಲಿ ಹಾನಿಯಲ್ಲ. ಅದನ್ನು ದೋಷಪೂರಿತ ವಸ್ತುವಿನ ದೂರಾಗಿ ಒಯ್ಯಬೇಕು. ಅದಕ್ಕಾಗಿ ಬಿಲ್ ಸಮೇತ ಇಲ್ಲಿನ ಮಾರಾಟಗಾರರಿಂದ ಕೊಳ್ಳಿ.

ಬೆಂಗಳೂರಿನ ಎಷ್ಟೋ ಸಣ್ಣ ಕಂಪನಿಗಳು ಇಂಥ ಬೋರ್ಡನ್ನು ಡಬ್ಬಿಯೊಳಗಿಟ್ಟು ಡಿಜಿಟಲ್ ಫಲಕ, ನೀರಿನ ಮೀಟರ್, ಹಾಜರಾತಿ ಯಂತ್ರ ಎಂದು ಮಾರುತ್ತವೆ. ಆ ಕ್ಷಣದಿಂದ ತಯಾರಕರು ಅವರೇ. ‘ಮೂಲ ಇಮೇಜ್‌ನಲ್ಲೇ ದೋಷವಿತ್ತು’ ಎನ್ನುವ ಮಾತು ಅವರ ಗಿರಾಕಿಗೆ ಸಲ್ಲದು. ಅಂಥವರಿಗೆ ನಾನು ಹೇಳುವುದು, ಐದು ವರ್ಷದ ಬೆಂಬಲವಿರುವ ಉಬುಂಟು ಎಲ್‌ಟಿಎಸ್ ಅಥವಾ ರಾಸ್ಪ್‌ಬೆರಿ ಪೈ ಓಎಸ್ ಬಿಟ್ಟು ಬೇರೆ ಯಾವುದನ್ನಾದರೂ ಹಾಕುವುದಿದ್ದರೆ ಪರೀಕ್ಷೆಗೆಂದೇ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ.

ಮೊದಲ ಸಂಜೆ ನಾವು ಮಾಡಬೇಕಾದ ಪರೀಕ್ಷೆ

ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಇವನ್ನು ಮಾಡಿ ಮುಗಿಸಬೇಕು. ಮೊದಲು ಕಾರ್ಡ್. ನಕಲಿ ಎಸ್‌ಡಿ ಕಾರ್ಡ್‌ಗಳಿಂದಾಗುವ ತೊಂದರೆಗೆ ಓಎಸ್ ಬೈಗುಳ ತಿನ್ನುತ್ತದೆ. ಎಫ್3 ಎಂಬ ಉಪಕರಣ ಇಡೀ ಕಾರ್ಡಿಗೆ ಬರೆದು ಓದಿ ನಿಜವಾದ ಗಾತ್ರ ಹೇಳುತ್ತದೆ. ಆಮೇಲೆ ಕರೆಂಟು. ಪೈಯಲ್ಲಿ 4.63 ವೋಲ್ಟಿಗಿಂತ ಕೆಳಗಿಳಿದರೆ ಕರ್ನಲ್ ದಾಖಲೆಯಲ್ಲಿ ಎಚ್ಚರಿಕೆ ಬರುತ್ತದೆ, ವಿಸಿಜೆನ್‌ಸಿಎಂಡಿ ಆಜ್ಞೆಯ ಗೆಟ್-ಥ್ರಾಟಲ್ಡ್ ಆಯ್ಕೆ ಸೊನ್ನೆಯನ್ನೇ ತೋರಿಸಬೇಕು. ಫೋನಿನ ಚಾರ್ಜರ್ ಹಾಕಿ ಓಎಸ್ ಅಸ್ಥಿರ ಎನ್ನುವುದು ನ್ಯಾಯವಲ್ಲ.

ನಂತರ ಪ್ರೊಸೆಸರನ್ನೂ ಮೆಮೊರಿಯನ್ನೂ ದುಡಿಸಿ ನೋಡುವ ಸ್ಟ್ರೆಸ್-ಎನ್‌ಜಿ, ಮೆಮ್‌ಟೆಸ್ಟರ್ ಓಡಿಸಿ ಬಿಸಿ ನೋಡಿ. ಪೈ 4 ತನ್ನ ವೇಗ ತಗ್ಗಿಸತೊಡಗುವುದು 80 ಡಿಗ್ರಿಯಲ್ಲಿ. ಇಂಗ್ಲೆಂಡಿನ ತಂಪು ಕೋಣೆಯಲ್ಲಿ ಫ್ಯಾನಿಲ್ಲದೆ ಪಾಸಾದ ಬೋರ್ಡ್, ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಹೊರಗೇ 40 ದಾಟಿರುವಾಗ, ಹಾಗೆಯೇ ಇರುವುದಿಲ್ಲ. ಮಧ್ಯಾಹ್ನವೇ ಪರೀಕ್ಷಿಸಿ.

ಕರೆಂಟ್ ಹೋಗಿ ಬರುವುದನ್ನೂ ಯಾವ ತಯಾರಕರೂ ನಮ್ಮಷ್ಟು ಪರೀಕ್ಷಿಸಲಾರರು. ಕಾರ್ಡಿಗೆ ಬರೆಯುತ್ತಿರುವಾಗಲೇ ಕೆಲವು ಸಲ ಪ್ಲಗ್ ಕೀಳಿ, ಮತ್ತೆ ಏಳುತ್ತದೆಯೇ ನೋಡಿ. ಖಾಲಿ ಕಾರ್ಡಿನಲ್ಲಿ ಇದನ್ನು ಮಾಡಬೇಕು, ಕೆಲಸದ ಕಡತಗಳಿರುವ ಕಾರ್ಡಿನಲ್ಲಿ ಬೇಡ. ಪೈ ಓಎಸ್‌ನ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಕಡತ ವ್ಯವಸ್ಥೆಯ ಆಯ್ಕೆಯಿದೆ, ಅದನ್ನು ಹಚ್ಚಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಊರಿನ ಶಾಲೆಯ ಬೋರ್ಡ್‌ಗಳಿಗೆ ಇದು ಬಹಳ ಉಪಕಾರಿ.

ಅಪ್‌ಡೇಟ್ ಪರೀಕ್ಷೆಯನ್ನು ಯಾರೂ ಬಿಡಬಾರದು. ಮೊದಲ ದಿನ ಚೆನ್ನಾಗಿ ಓಡುವ ವೆಂಡರ್ ಇಮೇಜ್ ಪೂರ್ಣ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದಾಗ ಕಪ್ಪು ಪರದೆ ತೋರಿಸುವುದುಂಟು. ಕಾರ್ಡಿನ ಪ್ರತಿ ತೆಗೆದಿಟ್ಟು ಮಾಡಿ. ನಿಮ್ಮ ಪಾಠಕ್ಕೆ ಬೇಕಾದ ಲೈಬ್ರರಿಯನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ. ಪೈ 5ರಲ್ಲಿ ಪಿನ್‌ಗಳ ಉಸ್ತುವಾರಿ ಆರ್‌ಪಿ1 ಎಂಬ ಬೇರೆ ಚಿಪ್ಪಿಗೆ ಹೋದದ್ದರಿಂದ ಹಳೆಯ ಆರ್‌ಪಿಐ-ಜಿಪಿಐಒ ಲೈಬ್ರರಿ ಕೆಲಸ ಮಾಡುವುದಿಲ್ಲ. ಓಎಸ್ ಪರೀಕ್ಷೆಯಲ್ಲಿ ಪಾಸಾಗಿದ್ದರೂ ವರ್ಷಗಳಿಂದ ಹೇಳಿಕೊಡುತ್ತಿದ್ದ ಎಲ್‌ಇಡಿ ಮಿನುಗಿಸುವ ಪಾಠ ನಿಂತುಹೋಗುತ್ತದೆ.

ಕನ್ನಡದ ಪರೀಕ್ಷೆಯೂ ನಮ್ಮದೇ. ಒತ್ತಕ್ಷರಗಳು, ಅರ್ಕಾವತ್ತು ಸರಿಯಾಗಿ ಮೂಡುತ್ತವೆಯೇ ಎಂದು ರಾಸ್ಪ್‌ಬೆರಿ ಪೈಯ ತವರಾದ ಕೇಂಬ್ರಿಜ್‌ನಲ್ಲಾಗಲಿ ಶೆನ್‌ಝೆನ್‌ನಲ್ಲಾಗಲಿ ಕೂತು ನೋಡುವವರಿಲ್ಲ. ಅಕ್ಷರದ ಜಾಗದಲ್ಲಿ ಚೌಕ ಕಂಡರೆ ಡೆಬಿಯನ್‌ನ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ; ಗುಬ್ಬಿ, ನವಿಲು, ಲೋಹಿತ್ ಮೂರೂ ಬರುತ್ತವೆ. ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನ ಎಂ17ಎನ್ ಮೂಲಕ ಕಗಪ ಕೀಲಿವಿನ್ಯಾಸ ಸಿಗುತ್ತದೆ. ಡೆಸ್ಕ್‌ಟಾಪ್ ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಗೆ ಬದಲಾದ ಮೇಲೆ ಅದು ಎಲ್ಲ ಕಿಟಕಿಗಳಲ್ಲೂ, ಬ್ರೌಸರಿನಲ್ಲೂ ಟರ್ಮಿನಲ್ಲಿನಲ್ಲೂ, ಸರಿಯಾಗಿ ನಡೆಯುತ್ತದೆಯೇ ಎಂದು ಒಂದೊಂದಾಗಿ ಟೈಪ್ ಮಾಡಿ ನೋಡಬೇಕು.

ಇಷ್ಟೆಲ್ಲ ಆದಮೇಲೆ ಆಯ್ಕೆ

ಶಾಲೆಯ ಲ್ಯಾಬ್ ಆದರೆ ರಾಸ್ಪ್‌ಬೆರಿ ಪೈ, ಅದರದೇ ಓಎಸ್. ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಬೋರ್ಡಿಗೆ ಕೊಟ್ಟ ಹೆಚ್ಚಿನ ಹಣ ಪರೀಕ್ಷೆಗೆ ಕೊಟ್ಟದ್ದು. ಮನೆಯ ಕಡತ ಸರ್ವರ್ ಅಥವಾ ಜಾಹೀರಾತು ತಡೆಯುವ ಪೈ-ಹೋಲ್ ಸಾಕು ಎನ್ನುವವರು ಆರ್ಮ್‌ಬಿಯನ್ ಸ್ಟ್ಯಾಂಡರ್ಡ್ ದರ್ಜೆಯ ಯಾವುದಾದರೂ ಅಗ್ಗದ ಬೋರ್ಡ್ ಕೊಳ್ಳಬಹುದು, ದರ್ಜೆ ನೋಡಿಯೇ ಕೊಳ್ಳಬೇಕು. ಹೊಸ ಚಿಪ್ಪಿನ ಎಐ ಶಕ್ತಿ ಪ್ರಯೋಗಿಸಬೇಕೆನ್ನುವವರಿಗೆ ವೆಂಡರ್ ಇಮೇಜ್ ಬಿಟ್ಟು ಗತಿಯಿಲ್ಲ. ಆ ಬೋರ್ಡನ್ನು ಮನೆಯ ಜಾಲದ ಒಂದು ಮೂಲೆಯಲ್ಲಿ ಪ್ರತ್ಯೇಕವಾಗಿಡಿ. ಕರ್ನಲ್ ಕಲಿಯಬೇಕೆಂಬ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೂಲ ಕರ್ನಲ್ ಬೆಂಬಲಿಸುವ ಬೋರ್ಡೇ ಉತ್ತಮ ಗುರು.

ಯಾವುದನ್ನೇ ಆರಿಸಿದರೂ ದೋಷ ಕಂಡಾಗ ಅದನ್ನು ಬರೆದು ತಿಳಿಸುವ ಕೆಲಸ ಉಳಿದಿರುತ್ತದೆ. ‘ಬೂಟ್ ಆಗ್ತಿಲ್ಲ, ಹೆಲ್ಪ್ ಮಾಡಿ’ ಎಂದರೆ ಮೇಂಟೇನರ್ ಕೈಕಟ್ಟಿಹೋಗುತ್ತದೆ. ಬೋರ್ಡಿನ ಪರಿಷ್ಕರಣೆ ಸಂಖ್ಯೆ, ಇಮೇಜಿನ ಪೂರ್ತಿ ಹೆಸರು, ಕರ್ನಲ್ ಆವೃತ್ತಿ, ಅಡಾಪ್ಟರ್ ಎಷ್ಟು ಆಂಪಿಯರಿನದು, ಕಾರ್ಡ್ ಯಾವುದು, ಏನು ಮಾಡಿದಾಗ ಏನಾಯಿತು ಎಂಬುದನ್ನು ಬರೆಯಿರಿ, ಸೀರಿಯಲ್ ಕೇಬಲ್‌ನಿಂದ ತೆಗೆದ ಬೂಟ್ ದಾಖಲೆಯನ್ನು ಲಗತ್ತಿಸಿ. ಯುಎಸ್‌ಬಿ ಸೀರಿಯಲ್ ಕೇಬಲ್ ಬೋರ್ಡಿಗಿಂತ ಎಷ್ಟೋ ಅಗ್ಗ, ಬೋರ್ಡಿನ ಜೊತೆಗೇ ತರಿಸಿಕೊಳ್ಳಿ.